ಕಂಠದ ಲಿಂಗ ಮತ್ತು ಕಿವಿಯ ರೂಢಿ

ಗಾನವನ್ನು ಆಲಿಸುವಾಗ ನಾವು ಸ್ವರವನ್ನಷ್ಟೇ ಕೇಳುವುದಿಲ್ಲ. ಹಾಡುವವರ ದೇಹವನ್ನೂ ಊಹಿಸಿಕೊಳ್ಳುತ್ತೇವೆ. ಊಹೆಗೂ ಸ್ವರಕ್ಕೂ ಹೊಂದಿಕೆ ತಪ್ಪಿದರೆ ಮೊದಲು ಬೆರಗು, ಬಳಿಕ ನಗೆಯೋ ಮುಜುಗರವೋ ಹುಟ್ಟುತ್ತದೆ. ಯೂರೋಪಿನ ಬರೋಕ್ ಗೀತನಾಟಕಗಳ ಆರಿಯಾಗಳನ್ನು ಸ್ತ್ರೀಯರ ಶ್ರುತಿಯಲ್ಲಿ ಹಾಡುವ ಪುರುಷರನ್ನು, ಅಂದರೆ ಕೌಂಟರ್‌ಟೆನರ್ ಗಾಯಕರನ್ನು, ಮೊದಲ ಬಾರಿ ಕೇಳಿದ ಅನೇಕರ ಅನುಭವ ಇಂಥದು. ಈ ಬೆರಗು ಕಲೆಯಿಂದ ಹುಟ್ಟಿದುದೋ, ಕಿವಿಯ ರೂಢಿಯಿಂದ ಹುಟ್ಟಿದುದೋ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಹ್ಯಾಂಡೆಲನ 'ಜೂಲಿಯೊ ಚೇಸರೆ' 1724ರಲ್ಲಿ ಲಂಡನ್ನಿನ ರಂಗವೇರಿದಾಗ ಸೀಸರನ ಪಾತ್ರವನ್ನು ಹಾಡಿದವನು ಸೆನೆಸಿನೊ. ಬಾಲ್ಯದಲ್ಲಿಯೇ ಶಸ್ತ್ರಕ್ರಿಯೆಯಿಂದ ಕಂಠ ಒಡೆಯದಂತೆ ಮಾಡಲ್ಪಟ್ಟ ಗಾಯಕವರ್ಗಕ್ಕೆ ಅವನು ಸೇರಿದವನು. ವೀರನಾಯಕನು ಉಚ್ಚಸ್ವರದಲ್ಲಿ ಹಾಡುವುದು ಅಂದಿನ ರಂಗದ ಸಂಪ್ರದಾಯವೇ ಆಗಿತ್ತು. ಆ ಕ್ರೂರ ಪದ್ಧತಿ ಅಳಿದಿದೆ. ಇಂದಿನ ಕೌಂಟರ್‌ಟೆನರನಾದರೋ ಪ್ರಾಯಬಂದ ಗಂಡುಕಂಠದವನೇ. ಸ್ವರತಂತುಗಳ ಅಂಚನ್ನು ಮಾತ್ರ ಕಂಪಿಸಿ ಮೇಲಿನ ಸ್ಥಾಯಿಯನ್ನು ಸಾಧಿಸುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಈ ಕಂಠಕ್ಕೆ ಮತ್ತೆ ಗೌರವ ತಂದವರಲ್ಲಿ ಮುಖ್ಯನು ಇಂಗ್ಲೆಂಡಿನ ಆಲ್ಫ್ರೆಡ್ ಡೆಲ್ಲರ್. ಸ್ತ್ರೀಯರಿಗೆ ರಂಗವು ನಿಷಿದ್ಧವಾಗಿದ್ದ ರೋಮಿನಲ್ಲಿ 1730ರಲ್ಲಿ ಪುರುಷರೇ ಹಾಡಿದ ವಿಂಚಿಯ 'ಅರ್ತಸೆರ್ಸೆ'ಯನ್ನು 2012ರಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ ಐವರು ಕೌಂಟರ್‌ಟೆನರುಗಳು ಮತ್ತೆ ರಂಗಕ್ಕೆ ತಂದರು.

ಇದು ನಮಗೆ ಪರಕೀಯವೆ? ಮಾಜಿವಾಡಾದಲ್ಲಿಯೋ ಡೊಂಬಿವಲಿಯಲ್ಲಿಯೋ ನೆಲಸಿ, ಮರಾಠಿ ನಾಟ್ಯಗೀತಗಳು ಕಿವಿಗೆ ಬೀಳುತ್ತಿರುವ ಕನ್ನಡಿಗರು ಹಾಗೆನ್ನಲಾರರು. 1882ರ 'ಸೌಭದ್ರ'ದ ಕರ್ತೃ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆ ರಂಗದಲ್ಲಿ ಬಾಲಗಂಧರ್ವರ ಸ್ತ್ರೀಪಾತ್ರಗಳು ಜನಮನವನ್ನು ಸೂರೆಗೊಂಡವು. ಕುಂದಗೋಳದ ರಾಮಭಾವೂ, ಅಂದರೆ ಸವಾಯಿ ಗಂಧರ್ವರು, ಸುಭದ್ರೆಯಾಗಿ ಹಾಡಿ ಕೀರ್ತಿವಂತರಾದರು. ಸ್ತ್ರೀಪಾತ್ರವನ್ನು ಪುರುಷನು ಧರಿಸುವುದನ್ನು ಭರತಮುನಿಯೂ ಒಪ್ಪಿದ್ದಾನೆ. ಆದರೆ ಗಾನವು ಸ್ವಭಾವತಃ ಸ್ತ್ರೀಯರಿಗೆ, ಪಾಠ್ಯವು ಪುರುಷರಿಗೆ ಒಪ್ಪುವುದೆಂದೂ ಅವನೇ ಹೇಳಿದ್ದಾನೆ. ರೂಢಿಯ ಬೇರು ಅಷ್ಟು ಹಳೆಯದು.

ಕಿರಾನಾ ಪರಂಪರೆಯ ಮೂರು ತಲೆಮಾರುಗಳನ್ನು ನೋಡಿದರೆ ಈ ರೂಢಿಯ ಟೊಳ್ಳು ಸ್ಪಷ್ಟವಾಗುತ್ತದೆ. ಅಬ್ದುಲ್ ಕರೀಂ ಖಾನರ (1872–1937) ದನಿ ಪುರುಷರಲ್ಲಿ ವಿರಳವಾದ, ಎತ್ತರದ ತೆಳುದನಿ. ಅವರ ಶಿಷ್ಯರು ಸವಾಯಿ ಗಂಧರ್ವರು. ಇವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ (1913–2009) ಎಳೆಯ ವಯಸ್ಸಿನ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ಸಪೂರವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ಅನಂತರ ಅದು ಭಾರವಾಗಿ ಕೆಳಗಿಳಿಯಿತು. ಬಾನುಲಿಯಲ್ಲಿ ಕೇಳಿದವರು ಗಂಡಸೆಂದೇ ಭ್ರಮಿಸಿದುದುಂಟು. ಕಂಠಗಳು ಮೂರು ಬಗೆಯವು. ಸ್ವರವನ್ನು ನಿಧಾನವಾಗಿ, ಶುದ್ಧವಾಗಿ ನಿಲ್ಲಿಸುವ ಮಾರ್ಗ ಒಂದೇ.

ಇಲ್ಲಿ ಶ್ರೋತೃಗಳ ಪಕ್ಷಪಾತವೊಂದನ್ನು ಗಮನಿಸಬೇಕು. ಹೆಣ್ಣಿನ ದನಿ ಗಂಡಿನಂತಿದ್ದರೆ ಅದನ್ನು 'ಗಂಭೀರ'ವೆಂದು ಹೊಗಳುತ್ತೇವೆ. ಗಂಡಿನ ದನಿ ಹೆಣ್ಣಿನಂತಿದ್ದರೆ ನಗುತ್ತೇವೆ. ಒಂದನ್ನು ಏರಿಕೆಯೆಂದೂ ಮತ್ತೊಂದನ್ನು ಇಳಿಕೆಯೆಂದೂ ಎಣಿಸುವ ಈ ಲೆಕ್ಕ ಸಂಗೀತದ್ದಲ್ಲ, ಸಮಾಜದ್ದು. ಎರಡೂ ಮಾತುಗಳಲ್ಲಿ ಅವಮಾನಿತಳಾಗುವವಳು ಸ್ತ್ರೀಯೇ. ಸ್ತ್ರೀಪಾತ್ರಧಾರಿಗಳಿಗೆ ತಲೆದೂಗಿದ ಸಮಾಜವೇ, ಸ್ತ್ರೀಯರು ರಂಗಕ್ಕೆ ಬಂದ ಮೇಲೆ, ಅಂಥ ಕಂಠವನ್ನು ಪರಿಹಾಸ್ಯಕ್ಕೆ ಗುರಿಮಾಡಿತು. ಕಂಠ ಕೆಟ್ಟಿರಲಿಲ್ಲ; ಕಿವಿ ಬದಲಾಗಿತ್ತು.

ಹಾಗೆಂದು ನಾದಭೇದವೇ ಇಲ್ಲವೆನ್ನುವುದು ಸರಿಯಲ್ಲ. ಕೌಂಟರ್‌ಟೆನರನ ದನಿ ಸ್ತ್ರೀಯ ದನಿಯ ನಕಲಲ್ಲ; ಮಂದ್ರದತ್ತ ಇಳಿದಂತೆ ಅದು ಕ್ಷೀಣಿಸಬಹುದು, ಎದೆಯ ದನಿಗೆ ಹೊರಳುವೆಡೆಯಲ್ಲಿ ಬಿರುಕು ಕಾಣಬಹುದು. ಆ ಸಂಧಿಯನ್ನು ಗಾಯಕನು ಹೇಗೆ ಬೆಸೆಯುತ್ತಾನೆ, ಆರಿಯಾದ ಮೊದಲ ಭಾಗವು ಕೊನೆಯಲ್ಲಿ ಮರಳಿ ಬಂದಾಗ ಅದನ್ನು ಎಷ್ಟು ಔಚಿತ್ಯದಿಂದ ಅಲಂಕರಿಸುತ್ತಾನೆ ಎಂಬಲ್ಲಿಯೇ ಅವನ ಪರೀಕ್ಷೆ. ಸ್ಥಾಯಿಗೆ ಮರಳುವ ಸೊಗಸನ್ನು ಬಲ್ಲ ನಮ್ಮ ರಸಿಕರಿಗೆ ಈ ಪರೀಕ್ಷೆ ಹೊಸದೇನೂ ಅಲ್ಲ. ಗಂಗೂಬಾಯಿಯವರನ್ನು ಕೇಳಿ ಹದಗೊಂಡ ಕಿವಿ, ಎತ್ತರದಲ್ಲಿ ಹಾಡುವ ಪುರುಷನಿಗೂ ಅದೇ ನ್ಯಾಯವನ್ನು ಸಲ್ಲಿಸಬೇಕು. ಬೆರಗು ಆಲಿಸುವಿಕೆಯ ಹೊಸ್ತಿಲು ಮಾತ್ರ. ವಿಮರ್ಶೆ ಹೊಸ್ತಿಲಲ್ಲಿಯೇ ನಿಂತರೆ ಮನೆಯ ಒಳಗನ್ನು ಕಂಡಂತಾಗದು.