ನಕ್ಷೆಗೆ ಕೋಡಿ ಗೊತ್ತಿಲ್ಲ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ರಸ್ತೆ ನನಗೆ ಹೊಸದಲ್ಲ. ಆದರೂ ಕಳೆದ ಮಳೆಗಾಲದಲ್ಲಿ ಒಂದು ನಿಕಾಹ್‌ಗೆ ಹೊರಟಾಗ, ಹೊತ್ತಾಯಿತೆಂದು ಫೋನು ತೋರಿಸಿದ ಒಳದಾರಿಗೆ ಕಾರು ತಿರುಗಿಸಿದೆ. ಒಂದು ಕಿಲೋಮೀಟರ್ ಹೋಗಿರಬಹುದು. ಗದ್ದೆಯ ಬದುವಿನಲ್ಲಿ ಕಂಬಳಿ ಕೊಪ್ಪೆ ಹಾಕಿ ನಿಂತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. "ಆ ಕಡೆ ಹೋಗಬ್ಯಾಡ್ರಿ ಸಾಹೇಬ್ರೆ, ಕೆರೆ ಕೋಡಿ ಬಿದ್ದೈತಿ" ಎಂದರು. ನಾನು ಕೇಳಿರಲಿಲ್ಲ, ಅವರಾಗಿಯೇ ಹೇಳಿದರು.

ಅಂದಿನಿಂದ ಈ ನಕ್ಷೆಯನ್ನು ಒಂದು ಬರಹವನ್ನು ಓದುವಂತೆ ಓದುತ್ತಿದ್ದೇನೆ. ಅದರ ಭಾಷೆ ತೀರಾ ಬಡವಾದದ್ದು. ನಮ್ಮಲ್ಲಿ ಹೆದ್ದಾರಿ, ಗಾಡಿದಾರಿ, ಕಾಲುದಾರಿ, ಏರಿಯ ಮೇಲಿನ ದಾರಿ, ಸಂಕ ದಾಟುವ ದಾರಿ ಎಂದೆಲ್ಲ ಇವೆ. ಒಂದೊಂದು ಹೆಸರಿನಲ್ಲೂ ಒಂದೊಂದು ಎಚ್ಚರಿಕೆ ಅಡಗಿದೆ. ನಕ್ಷೆಯಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಗೆರೆ. ಊರ ಹೆಸರಿನ ವಿಷಯದಲ್ಲೂ ಹೀಗೆಯೇ. ಅಲ್ಲಮಪ್ರಭುವಿನ ಬಳ್ಳಿಗಾವಿ ಇಲ್ಲಿನ ಹಳಬರ ಬಾಯಲ್ಲಿ ಬೆಳಗಾಮಿ. 2014ರಲ್ಲಿ ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಶಿರಾಳಕೊಪ್ಪದ ಚಹಾದಂಗಡಿಯಲ್ಲಿ ಬೆಳಗಾಮಿಗೆ ದಾರಿ ಕೇಳಿದವನನ್ನು ಯಾರೂ ಉತ್ತರ ಕರ್ನಾಟಕಕ್ಕೆ ಕಳಿಸುವುದಿಲ್ಲ. ಫೋನಿಗಾದರೆ ಗೊಂದಲವಾಗಬಹುದು.

ನಾವು ಒಂದು ವಿಷಯವನ್ನು ಮರೆಯುತ್ತೇವೆ. ಉಪಗ್ರಹ ದಾರಿ ತೋರಿಸುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳಿಂದ ಫೋನು ತಿಳಿಯುವುದು ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಎಂಬುದನ್ನು ಮಾತ್ರ. ಎಲ್ಲಿ ತಿರುಗಬೇಕೆಂದು ಹೇಳುವುದು ಯಾರೋ ಎಂದೋ ಸಂಗ್ರಹಿಸಿದ ಮಾಹಿತಿ. ನಿನ್ನೆ ರಾತ್ರಿಯ ಮಳೆ ಆ ಮಾಹಿತಿಯೊಳಗೆ ಸೇರಿರಬೇಕೆಂದಿಲ್ಲ.

ಈ ಮರೆವಿಗೆ ಜನ ಪ್ರಾಣವನ್ನೇ ತೆತ್ತಿದ್ದಾರೆ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ನೆರೆಯಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲೆ ಹೋದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅವರು ನಕ್ಷೆಯನ್ನು ಅನುಸರಿಸಿದ್ದರೆಂದು ವರದಿಯಾಯಿತು. ಆದರೆ ತಪ್ಪು ನಕ್ಷೆಯದು ಮಾತ್ರವೇ? ಸೇತುವೆಗೆ ಸರಿಯಾದ ತಡೆ ಹಾಕದ ಇಲಾಖೆಯದ್ದೂ ಹೌದು. ಅದೇ ವರ್ಷದ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಚಿಯಲ್ಲಿ, ಕರ್ನಾಟಕದ ಆಸ್ಪತ್ರೆಗೆಂದು ನಸುಕಿನಲ್ಲಿ ಹೊರಟಿದ್ದ ಇಬ್ಬರು ಯುವಕರ ಕಾರು ತಡೆಗೋಡೆಯಿಲ್ಲದ ಸೇತುವೆಯಿಂದ ಹೊಳೆಯ ಪಾಲಾಯಿತು. ಮರ ಹಿಡಿದು ನಿಂತ ಅವರನ್ನು ಅಗ್ನಿಶಾಮಕ ಸಿಬ್ಬಂದಿ ಉಳಿಸಿದರು. ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟಿದ್ದ ಬಿಹಾರದ ಕುಟುಂಬವೊಂದು ಖಾನಾಪುರದ ಕಾಡಿನಲ್ಲಿ ದಾರಿ ತಪ್ಪಿ ರಾತ್ರಿ ಕಳೆಯಿತು. ಅವರನ್ನೂ ಕೊನೆಗೆ ಹೊರಗೆ ತಂದವರು ಪೊಲೀಸರು, ಅಂದರೆ ಮನುಷ್ಯರೇ.

ಹಾಗೆಂದು ನಕ್ಷೆಯನ್ನು ಎಸೆದುಬಿಡಿ ಎಂದು ನಾನು ಹೇಳಲಾರೆ. ರಾತ್ರಿ ಒಬ್ಬಳೇ ಕಾರು ಓಡಿಸುವ ಹೆಣ್ಣುಮಗಳು ನಿರ್ಜನ ರಸ್ತೆಯಲ್ಲಿ ಯಾರನ್ನು ಕೇಳಬೇಕು? ಗಡ್ಡ ಬಿಟ್ಟು ಟೋಪಿ ಹಾಕಿದ ನಮ್ಮ ಹುಡುಗರೂ ಗುರುತಿಲ್ಲದ ಊರಲ್ಲಿ ಕಾರು ನಿಲ್ಲಿಸಲು ಹಿಂಜರಿಯುತ್ತಾರೆ. ಅವರ ಭಯಕ್ಕೆ ಕಾರಣವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಯುವಕರು ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಸೇರಿದ ಗುಂಪು ಅವರನ್ನು ಥಳಿಸಿತು, ಒಬ್ಬ ಪ್ರಾಣ ಕಳೆದುಕೊಂಡ.

ಈ ಎರಡು ಬಗೆಯ ಸುದ್ದಿಗಳನ್ನು ಒಟ್ಟಿಗಿಟ್ಟು ನೋಡಿದರೆ ರೋಗ ಒಂದೇ ಎಂದು ನನಗನಿಸುತ್ತದೆ. ಕಣ್ಣೆದುರು ನೀರಿದ್ದರೂ ಫೋನು ದಾರಿಯಿದೆ ಎಂದಿತು, ಚಾಲಕ ನಂಬಿದ. ಕಣ್ಣೆದುರು ಮನುಷ್ಯರಿದ್ದರೂ ಫೋನು ಕಳ್ಳರೆಂದಿತು, ಗುಂಪು ನಂಬಿತು. ಎರಡೂ ಕಡೆ ಯಾರೂ ನಿಂತು ವಿಚಾರಿಸಲಿಲ್ಲ.

ನಮ್ಮ ಹನಫಿ ಫಿಕ್ಹ್‌ನಲ್ಲಿ ಇದಕ್ಕೆ ಒಪ್ಪುವ ಒಂದು ನಿಯಮವಿದೆ. ಪ್ರಯಾಣಿಕನಿಗೆ ಕಿಬ್ಲಾದ ದಿಕ್ಕು ತಿಳಿಯದಿದ್ದರೆ ಮೊದಲು ಅಲ್ಲಿರುವ ತಿಳಿದವರನ್ನು ಕೇಳಬೇಕು. ಯಾರೂ ಇಲ್ಲದಿದ್ದರೆ ಸ್ವತಃ ಯೋಚಿಸಿ ನಿರ್ಧರಿಸಬೇಕು. ಇದಕ್ಕೆ ತಹರ್ರಿ ಎನ್ನುತ್ತಾರೆ. ಹಾಗೆ ನಿರ್ಧರಿಸಿದ ದಿಕ್ಕು ತಪ್ಪೆಂದು ಆಮೇಲೆ ತಿಳಿದರೂ ನಮಾಝ್ ಸಿಂಧು. ಆದರೆ ಕೇಳಲು ಜನವಿದ್ದೂ ಕೇಳದೆ ತಪ್ಪು ದಿಕ್ಕಿಗೆ ನಿಂತವನು ನಮಾಝನ್ನು ಮತ್ತೆ ಮಾಡಬೇಕು. ದಿಕ್ಕು ತಪ್ಪಿದ್ದಕ್ಕೆ ಕ್ಷಮೆಯುಂಟು, ವಿಚಾರಿಸದೇ ಇದ್ದುದಕ್ಕೆ ಇಲ್ಲ. ಇಂದು ಕಿಬ್ಲಾವನ್ನೂ ಫೋನೇ ತೋರಿಸುತ್ತದೆ, ತೋರಿಸಲಿ. ವಿಚಾರಿಸುವ ಹೊಣೆಯನ್ನು ಮಾತ್ರ ಅದಕ್ಕೆ ಒಪ್ಪಿಸಲಾಗದು.

ಕೇಳುವುದು ದಾರಿಹೋಕನ ಕರ್ತವ್ಯವಾದರೆ, ಕೇಳಿದವನಿಗೆ ಹೆದರಿಕೆಯಾಗದಂತೆ ಉತ್ತರಿಸುವುದು ಊರಿನ ಕರ್ತವ್ಯ. ಒಂದು ಕಾಲಕ್ಕೆ ದಾರಿ ಕೇಳುವ ನೆಪದಲ್ಲಾದರೂ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಕೊಟ್ಟಿಗೆಯಿಂದ ಎದ್ದು ಬಂದವರು ತಿರುವಿನವರೆಗೂ ಜೊತೆಗೆ ನಡೆದು, ಆಲದ ಮರ ತೋರಿಸಿ ಹಿಂದಿರುಗುತ್ತಿದ್ದರು. ಆ ನೆಪವೂ ತಪ್ಪಿಹೋದರೆ ಒಂದೇ ತಾಲೂಕಿನಲ್ಲಿದ್ದೂ ನಾವು ಪರದೇಶಿಗಳಾಗುತ್ತೇವೆ.

ಅಂದು ನಾನು ಕಾರು ತಿರುಗಿಸಿ ಸುತ್ತು ಬಳಸಿ ಸೊರಬ ಸೇರುವಾಗ ನಿಕಾಹ್ ಮುಗಿದು ಊಟ ಶುರುವಾಗಿತ್ತು. ಆ ಹಿರಿಯರು ನನ್ನ ಹೆಸರು ಕೇಳಿರಲಿಲ್ಲ. ಗಡಿಬಿಡಿಯಲ್ಲಿ ನಾನೂ ಅವರ ಹೆಸರು ಕೇಳಲಿಲ್ಲ.