ಪುಕ್ಕಟೆ ಆಟದ ಬೆಲೆ

ಒಂದು ಕಾವ್ಯವನ್ನಾಗಲಿ ನಾಟಕವನ್ನಾಗಲಿ ವಿಮರ್ಶಿಸುವಾಗ ನಾವು ಅದರ ಭಾಷೆ, ಪಾತ್ರ, ಸಂವಿಧಾನಗಳನ್ನು ಸಾವಧಾನವಾಗಿ ಪರಿಶೀಲಿಸುತ್ತೇವೆ. ಆದರೆ ಇಂದು ಅಂಗೈಯಗಲದ ಮೊಬೈಲಿನಲ್ಲಿ ಅಸಂಖ್ಯ ಜನರು ಆಡುತ್ತಿರುವ ಆಟಗಳನ್ನು ಮಾತ್ರ ‘ಮಕ್ಕಳ ಕಾಲಹರಣ’ವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆ, ಇಲ್ಲವೇ ಪುಕ್ಕಟೆಯಾಗಿ ದೊರೆಯುತ್ತವೆಯಲ್ಲ ಎಂದು ಸುಮ್ಮನಾಗುತ್ತೇವೆ. ಈ ಎರಡು ನಿಲುವುಗಳೂ ವಿಚಾರದಿಂದ ನುಣುಚಿಕೊಳ್ಳುವ ದಾರಿಗಳೇ ಸರಿ. ಆಟವೂ ಒಂದು ಕೃತಿ. ಅದಕ್ಕೂ ಹೇಳಬೇಕಾದ ಮಾತೊಂದಿರುತ್ತದೆ. ಆ ಮಾತನ್ನು ಅದರ ಚಿತ್ರಗಳಲ್ಲಿ ಮಾತ್ರವಲ್ಲದೆ ಅದರ ನಿಯಮಗಳಲ್ಲಿಯೂ ಹುಡುಕಬೇಕೆಂಬುದನ್ನು ಒಂದು ನಿದರ್ಶನದ ಮೂಲಕ ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಪಾನಿನ ನಿಂಟೆಂಡೊ ಸಂಸ್ಥೆಯು 2017ರ ನವೆಂಬರಿನಲ್ಲಿ ‘ಅನಿಮಲ್ ಕ್ರಾಸಿಂಗ್: ಪಾಕೆಟ್ ಕ್ಯಾಂಪ್’ ಎಂಬ ಆಟವನ್ನು ಮೊಬೈಲಿಗಾಗಿ ಹೊರತಂದಿತು. ಗೆಲ್ಲಬೇಕಾದ ಶತ್ರುವಾಗಲಿ ಮುಗಿಸಬೇಕಾದ ಯುದ್ಧವಾಗಲಿ ಇಲ್ಲದ, ದಿನನಿತ್ಯದ ಬದುಕನ್ನೇ ಅನುಕರಿಸುವ ಆಟವಿದು. ಇದರ ಪೂರ್ವಜವು 2001ರಲ್ಲಿ ನಿಂಟೆಂಡೊ 64 ಎಂಬ ಆಟದ ಯಂತ್ರಕ್ಕಾಗಿ ಜಪಾನಿನಲ್ಲಿ ಪ್ರಕಟವಾಯಿತು. ಅದರ ನಿರ್ಮಾತೃಗಳಲ್ಲಿ ಪ್ರಮುಖರಾದ ಕತ್ಸುಯಾ ಎಗುಚಿಯವರು ಉದ್ಯೋಗಕ್ಕಾಗಿ ಚಿಬಾ ಪ್ರಾಂತವನ್ನು ಬಿಟ್ಟು ಕ್ಯೋಟೋ ನಗರಕ್ಕೆ ಬಂದವರು. ಬಂಧುಮಿತ್ರರಿಂದ ದೂರವಾದ ಆ ಒಂಟಿತನವೇ ಆಟದ ಕಲ್ಪನೆಗೆ ಮೂಲವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅಂದಮೇಲೆ ಈ ಆಟದ ಬೀಜದಲ್ಲಿಯೇ ನೆರೆಹೊರೆಯ ಹಂಬಲವಿತ್ತೆಂಬುದು ಸ್ಪಷ್ಟ.

‘ಪಾಕೆಟ್ ಕ್ಯಾಂಪ್’ನಲ್ಲಿ ಆಡುವವನು ಒಂದು ಬಿಡಾರದ ಮೇಲ್ವಿಚಾರಕ. ಮಾತನಾಡುವ ಪ್ರಾಣಿಗಳು ಅವನಲ್ಲಿ ಹಣ್ಣನ್ನೋ ಮೀನನ್ನೋ ಕೀಟವನ್ನೋ ಕೇಳುತ್ತವೆ. ತಂದುಕೊಟ್ಟರೆ ಸ್ನೇಹ ಬೆಳೆಯುತ್ತದೆ. ಒಂದು ಪ್ರಾಣಿಯನ್ನು ಬಿಡಾರಕ್ಕೆ ಕರೆಯಬೇಕಾದರೆ ಅದು ಇಷ್ಟಪಡುವ ಪೀಠೋಪಕರಣಗಳನ್ನು ಮೊದಲೇ ಮಾಡಿಸಿಡಬೇಕು. ಕಿತ್ತ ಹಣ್ಣು ಮತ್ತೆ ಬಿಡಲು ಮೂರು ಗಂಟೆ; ಸುತ್ತಲಿನ ತಾಣಗಳಿಗೆ ಬರುವ ಪ್ರಾಣಿಗಳು ಬದಲಾಗುವುದು ಮೂರು ಗಂಟೆಗೊಮ್ಮೆ; ಮೇಜು ಕುರ್ಚಿಗಳು ಸಿದ್ಧವಾಗಲು ಗಂಟೆಗಟ್ಟಲೆ ಕಾಯಬೇಕು. ಚಿತ್ರಗಳು ಮುದ್ದಾಗಿವೆ, ಸಂಗೀತ ಮೃದುವಾಗಿದೆ. ಮೇಲುನೋಟಕ್ಕೆ ಇದೊಂದು ಶಾಂತ ಲೋಕವೆನ್ನಲು ಅಡ್ಡಿಯಿಲ್ಲ.

ಅಮೆರಿಕದ ವಿದ್ವಾಂಸ ಇಯಾನ್ ಬೊಗೊಸ್ಟ್ ಅವರು 2007ರಲ್ಲಿ ಪ್ರಕಟಿಸಿದ ‘ಪರ್ಸುಯೇಸಿವ್ ಗೇಮ್ಸ್’ ಎಂಬ ಗ್ರಂಥದಲ್ಲಿ, ಆಟಗಳು ತಮ್ಮ ನಿಯಮಗಳ ಮೂಲಕವೇ ವಾದ ಹೂಡುತ್ತವೆಯೆಂದು ಪ್ರತಿಪಾದಿಸಿದರು. ‘ಅನಿಮಲ್ ಕ್ರಾಸಿಂಗ್’ ಅವರ ನಿದರ್ಶನಗಳಲ್ಲೊಂದು. ಅದರಲ್ಲಿ ಟಾಮ್ ನೂಕ್ ಎಂಬ ಅಂಗಡಿಕಾರ ಮನೆಗಾಗಿ ಸಾಲ ಕೊಡುತ್ತಾನೆ. ಸಾಲ ತೀರಿದೊಡನೆ ಮನೆ ಹಿಗ್ಗುತ್ತದೆ, ಜೊತೆಗೆ ಹೊಸ ಸಾಲವೂ ಹುಟ್ಟುತ್ತದೆ. ಅತ್ತ ಅಂಗಡಿಯೂ ಬೆಳೆಯುತ್ತಾ ಹೋಗುತ್ತದೆ. ಕೊಳ್ಳುವ ಬಯಕೆಯ ಸ್ವಭಾವವನ್ನು ಉಪದೇಶದ ಹಂಗಿಲ್ಲದೆ ಆಟವೇ ಅನುಭವಕ್ಕೆ ತರುತ್ತದೆ. ಆದರೆ ಆ ಸಾಲಕ್ಕೆ ಬಡ್ಡಿಯಿಲ್ಲ, ಗಡುವಿಲ್ಲ. ಆಟವನ್ನು ಒಮ್ಮೆ ಕೊಂಡಮೇಲೆ ಟಾಮ್ ನೂಕನು ನಮ್ಮ ನಿಜವಾದ ಜೇಬಿಗೆ ಕೈಹಾಕುತ್ತಿರಲಿಲ್ಲ.

ಪುಕ್ಕಟೆ ಆಟದಲ್ಲಿ ಬದಲಾದುದು ಇದೇ. ‘ಪಾಕೆಟ್ ಕ್ಯಾಂಪ್’ನಲ್ಲಿ ಲೀಫ್ ಟಿಕೆಟ್ ಎಂಬ ಎಲೆಚೀಟಿಗಳಿದ್ದವು. ಆಡುತ್ತ ಅವನ್ನು ಗಳಿಸಬಹುದಾಗಿತ್ತು. ನಿಜವಾದ ಹಣ ಕೊಟ್ಟೂ ಕೊಳ್ಳಬಹುದಾಗಿತ್ತು. ಚೀಟಿ ತೆತ್ತವನಿಗೆ ಕಾಯುವ ಕಷ್ಟವಿಲ್ಲ. ಹಣ ಕೊಡದೆಯೇ ಆಡಬಹುದಿತ್ತೆಂಬುದು ನಿಜ. ಹಾಗೆ ಆಡಿ ಸಂತೋಷಪಟ್ಟವರೂ ಉಂಟು. ಆದರೆ ಆ ಕಾಯುವಿಕೆ ಮರಗಿಡಗಳ ಸಹಜ ಧರ್ಮವಲ್ಲ, ಸಂಸ್ಥೆಯೇ ಗೊತ್ತುಮಾಡಿದ ಅವಧಿ ಎಂಬುದನ್ನು ಮರೆಯಬಾರದು. ಬೇಸರವನ್ನು ಒಡ್ಡುವವನೂ ಅದರ ಪರಿಹಾರವನ್ನು ಮಾರುವವನೂ ಒಬ್ಬನೇ ಆದಾಗ ನಾವು ಎಚ್ಚರ ವಹಿಸಬೇಕಲ್ಲವೇ?

ಇದಕ್ಕಿಂತಲೂ ಗಮನಾರ್ಹವಾದ ನಿಯಮ ಇನ್ನೊಂದಿತ್ತು. ಆಟದ ಕಲ್ಲುಗಣಿಯೊಳಗೆ ಪ್ರವೇಶ ಬೇಕಾದವನು ಐದು ಮಂದಿ ಗೆಳೆಯರ ನೆರವು ಪಡೆಯಬೇಕು. ಇಲ್ಲವೇ 20 ಎಲೆಚೀಟಿಗಳನ್ನು ತೆರಬೇಕು. ಗೆಳೆಯರೆಂದರೆ ಇಲ್ಲಿ ಚಿತ್ರದ ಪ್ರಾಣಿಗಳಲ್ಲ, ಬೇರೆಡೆ ಕುಳಿತು ಇದೇ ಆಟವನ್ನು ಆಡುತ್ತಿರುವ ನಿಜವಾದ ಮನುಷ್ಯರು. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ನೆನೆಯಿರಿ. ಇಂದು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನನ್ನ ಹೊಲಕ್ಕೆ. ಆ ಋಣವನ್ನು ಮೈಮುರಿದ ದುಡಿಮೆಯಿಂದಲೇ ತೀರಿಸಬೇಕು. ದುಡ್ಡು ಎಸೆದು ಕೈತೊಳೆದುಕೊಂಡರೆ ಸಂಬಂಧವೇ ಕಡಿದುಹೋಗುತ್ತದೆ. ಈ ಆಟವಾದರೋ ಐವರ ನೆರವನ್ನೂ 20 ಚೀಟಿಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರಿತೂಗಿಸುತ್ತದೆ. ಒಂಟಿತನದ ಹಂಬಲದಿಂದ ಹುಟ್ಟಿದ ಆಟ, ಗೆಳೆತನಕ್ಕೆ ಪರ್ಯಾಯವಾಗಿ ದರವೊಂದನ್ನು ಗೊತ್ತುಪಡಿಸಿತು. ಅದರ ಚಿತ್ರಗಳು ಸ್ನೇಹವನ್ನು ಕೊಂಡಾಡಿದರೆ, ನಿಯಮಗಳು ಅದನ್ನು ಲೆಕ್ಕಕ್ಕೆ ಇಳಿಸಿದವು. ಕೃತಿಯ ನಿಜವಾದ ದೋಷ ಈ ವಿರೋಧದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮಾಧ್ಯಮಗಳ ಅರ್ಥವ್ಯವಸ್ಥೆಯನ್ನು ಅಭ್ಯಸಿಸಿದ ಕೆನಡಾದ ಡಲ್ಲಾಸ್ ಸ್ಮೈತ್ ಅವರು 1977ರಲ್ಲಿ ಒಂದು ಪ್ರಸಿದ್ಧ ವಾದವನ್ನು ಮಂಡಿಸಿದರು. ಪುಕ್ಕಟೆಯಾಗಿ ಬರುವ ಕಾರ್ಯಕ್ರಮವು ಗಿರಾಕಿಯನ್ನು ಸೆಳೆಯುವ ಬಿಟ್ಟಿ ಊಟವಿದ್ದಂತೆ. ಅಲ್ಲಿ ಜಾಹೀರಾತುದಾರರಿಗೆ ಮಾರಾಟವಾಗುವ ಸರಕು ಪ್ರೇಕ್ಷಕರೇ ಎಂದು ಅವರು ಸಾಧಿಸಿದರು. ನಮ್ಮ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ನಡುವೆ ಜಾಹೀರಾತುದಾರನ ಅಗತ್ಯವೂ ಇಲ್ಲ. ಆಡುವವನ ಅಸಹನೆಯನ್ನು ಆಡುವವನಿಗೇ ಮಾರಲಾಗುತ್ತದೆ.

2018ರಲ್ಲಿ ಆಟಕ್ಕೆ ‘ಫಾರ್ಚೂನ್ ಕುಕಿ’ಗಳು ಸೇರಿದವು. ಒಳಗೆ ಯಾವ ವಸ್ತುವಿದೆಯೆಂದು ತಿಳಿಯದೆಯೇ ಕೊಳ್ಳಬೇಕಾದ ಅದೃಷ್ಟದ ಪೊಟ್ಟಣಗಳಿವು. ಅದೇ ವರ್ಷ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಬೇರೆ ಕೆಲವು ಆಟಗಳಲ್ಲಿ ಹಣಕ್ಕೆ ಮಾರುತ್ತಿದ್ದ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಅಲ್ಲಿನ ಸ್ಥಿತಿ ಅಸ್ಪಷ್ಟವಾಗಿದೆಯೆಂಬ ಕಾರಣ ನೀಡಿ ನಿಂಟೆಂಡೊ 2019ರ ಆಗಸ್ಟಿನಲ್ಲಿ ‘ಪಾಕೆಟ್ ಕ್ಯಾಂಪ್’ಅನ್ನು ಆ ದೇಶದಲ್ಲಿ ನಿಲ್ಲಿಸಿತು.

ಕೊನೆಗೆ 2024ರ ನವೆಂಬರಿನಲ್ಲಿ ಪುಕ್ಕಟೆ ಆಟ ಎಲ್ಲೆಡೆ ಮುಗಿಯಿತು. ಡಿಸೆಂಬರಿನಲ್ಲಿ ಅದೇ ಆಟವು ‘ಪಾಕೆಟ್ ಕ್ಯಾಂಪ್ ಕಂಪ್ಲೀಟ್’ ಎಂಬ ಹೆಸರಿನಿಂದ, ಒಂದೇ ಬಾರಿ ಬೆಲೆ ಕೊಟ್ಟು ಕೊಳ್ಳುವ ರೂಪದಲ್ಲಿ ಬಂದಿತು. ಎಲೆಚೀಟಿಗಳ ಮಾರಾಟ ಅದರಲ್ಲಿಲ್ಲ; ಅವುಗಳ ಸ್ಥಾನದಲ್ಲಿರುವ ನಾಣ್ಯಗಳನ್ನು ಆಡಿಯೇ ಗಳಿಸಬೇಕು. ಬಿಡಾರ ಅದೇ, ಪ್ರಾಣಿಗಳೂ ಅವೇ. ಮಾರಾಟದ ನಿಯಮಗಳು ಆಟದ ಜೀವಾಳವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೂ ನಷ್ಟವಾಗಲಿಲ್ಲವೆಂದಲ್ಲ: ದೂರದ ಗೆಳೆಯರೊಡನೆ ನಡೆಯುತ್ತಿದ್ದ ಕೊಡುಕೊಳುಗೆ ಬಹುಮಟ್ಟಿಗೆ ನಿಂತು, ಅವರ ಪರಿಚಯಚೀಟಿಗಳಷ್ಟೇ ಉಳಿದವು. ಮಾರಾಟದೊಂದಿಗೆ ಮಿಲನವೂ ಮರೆಯಾದುದು ವಿಷಾದದ ಸಂಗತಿ.

ಆದುದರಿಂದ, ಬಂಧುಗಳೇ, ಮನೆಯ ಮಕ್ಕಳ ಕೈಯಿಂದ ಮೊಬೈಲನ್ನು ಕಸಿದುಕೊಳ್ಳುವ ಮುನ್ನ ಅವರ ಪಕ್ಕದಲ್ಲಿ ಕೊಂಚ ಹೊತ್ತು ಕುಳಿತುಕೊಳ್ಳಿರಿ. ಈ ಆಟ ನಿನ್ನನ್ನು ಯಾವುದಕ್ಕಾಗಿ ಕಾಯಿಸುತ್ತದೆ? ಕಾಯಲಾರದವನಿಗೆ ಏನನ್ನು ಮಾರುತ್ತದೆ? ಗೆಳೆಯನು ಮಾಡಬೇಕಾದ ಕೆಲಸಕ್ಕೆ ಎಷ್ಟು ಬೆಲೆ ಕಟ್ಟಿದೆ? ಈ ಮೂರು ಪ್ರಶ್ನೆಗಳನ್ನು ಅವರಲ್ಲಿ ಕೇಳಿರಿ. ಉತ್ತರವನ್ನು ಅವರೇ ಕಂಡುಕೊಂಡರೆ, ಯಾವ ಆಟವನ್ನು ಆಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಅವರಿಗೆ ತಾನಾಗಿ ಒದಗುವುದು.