ನಗುತ್ತಿರು ಎಂಬ ಹೊರೆ

ಮಕ್ಕಳ ಚಿತ್ರವೆಂದು ಹಿರಿಯರು ಬದಿಗಿರಿಸುವ ಅನಿಮೇಷನ್ ಚಿತ್ರಗಳಲ್ಲಿ ಕೆಲವು ಹೆತ್ತವರಿಗಾಗಿಯೇ ರಚಿತವಾದಂತೆ ತೋರುತ್ತವೆ. ಪಿಕ್ಸಾರ್ ಸಂಸ್ಥೆ 2015ರಲ್ಲಿ ಹೊರತಂದ, ಮರುವರ್ಷ ಆಸ್ಕರ್ ಪ್ರಶಸ್ತಿಗೂ ಪಾತ್ರವಾದ ‘ಇನ್‌ಸೈಡ್ ಔಟ್’ ಅಂಥದೊಂದು. ನಿರ್ದೇಶಕ ಪೀಟ್ ಡಾಕ್ಟರ್ ಅವರ ಮಗಳು ಹನ್ನೊಂದರ ಪ್ರಾಯದಲ್ಲಿ ಮೊದಲಿನ ಲವಲವಿಕೆಯನ್ನು ಕಳೆದುಕೊಂಡು ಮೌನಿಯಾದಳಂತೆ. ಆ ಮೌನದ ಒಳಗೆ ಏನು ನಡೆಯುತ್ತಿರಬಹುದೆಂಬ ತಂದೆಯ ಪ್ರಶ್ನೆಯಿಂದ ಈ ಕಥೆ ಹುಟ್ಟಿತು. ಹದಿಹರೆಯದ ಮಕ್ಕಳಿರುವ ಯಾವ ಮನೆಗೂ ಈ ಪ್ರಶ್ನೆ ಹೊಸತಲ್ಲ.

ಕಥೆ ಸರಳವಾದುದು. ಹನ್ನೊಂದು ವರ್ಷದ ರೈಲಿ ಎಂಬ ಹುಡುಗಿ, ತಂದೆಯ ಉದ್ಯೋಗದ ನಿಮಿತ್ತ ಅಮೆರಿಕದ ಮಿನೆಸೋಟವನ್ನು ತೊರೆದು ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬರುತ್ತಾಳೆ. ಗೆಳತಿಯರು, ಹಾಕಿ ತಂಡ, ಹಿಮಗಟ್ಟಿದ ಸರೋವರ ಎಲ್ಲವೂ ಹಿಂದುಳಿಯುತ್ತವೆ. ಅವಳ ತಲೆಯೊಳಗಿನ ನಿಯಂತ್ರಣ ಕೊಠಡಿಯಲ್ಲಿ ಸಂತೋಷ, ದುಃಖ, ಭಯ, ಕೋಪ, ಜಿಗುಪ್ಸೆ ಎಂಬ ಐವರು ಕುಳಿತು ಅವಳ ದಿನಗಳನ್ನು ನಡೆಸುತ್ತಾರೆ. ಅವರಲ್ಲಿ ಸಂತೋಷಳದೇ ಯಜಮಾನಿಕೆ. ದುಃಖಳು ಏನನ್ನೂ ಮುಟ್ಟದಂತೆ ನೆಲದ ಮೇಲೊಂದು ವೃತ್ತ ಬರೆದು ಅದರೊಳಗೆ ನಿಲ್ಲಿಸುವಷ್ಟು ಆಕೆಯ ದರ್ಪ.

ಆದರೆ ಓದುಗರೇ, ಈ ವೃತ್ತವನ್ನು ಬರೆದವಳು ಸಂತೋಷಳೊಬ್ಬಳೇ ಏನು? ಹೊಸ ಮನೆಯ ಮೊದಲ ರಾತ್ರಿ ತಾಯಿ ಮಗಳ ಹಾಸಿಗೆಯ ಬಳಿ ಬಂದು, ಇಷ್ಟೆಲ್ಲ ಗೊಂದಲದ ನಡುವೆಯೂ ನೀನು ನಮ್ಮ ನಗುಮುಖದ ಮಗಳಾಗಿಯೇ ಉಳಿದಿರುವೆ, ಅಪ್ಪನ ಮೇಲೆ ಬಹಳ ಒತ್ತಡವಿದೆ, ನಾವಿಬ್ಬರೂ ನಗುತ್ತಿದ್ದರೆ ಅವರಿಗೆ ಸಹಾಯವಾದೀತು ಎಂಬರ್ಥದ ಮಾತನ್ನಾಡುತ್ತಾಳೆ. ಇದು ಕ್ರೂರಿಯಾದ ತಾಯಿಯ ಮಾತಲ್ಲ, ದಣಿದ ತಾಯಿಯ ಮಾತು. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಅರೆನಿಮಿಷದ ದೃಶ್ಯವೇ. ಅಂದಿನಿಂದ ಆ ಮಗುವಿಗೆ ಅಳುವುದು ಕೂಡ ಕೊಟ್ಟ ಮಾತನ್ನು ಮುರಿದಂತೆ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಊರು ಬಿಟ್ಟು ಹಾಸ್ಟೆಲ್ ಸೇರುವ ನಮ್ಮ ಮಕ್ಕಳೂ, ಮನೆಯವರು ಸಾಲ ಮಾಡಿ ಶುಲ್ಕ ಕಟ್ಟಿರುವುದನ್ನು ನೆನೆದು, ಭಾನುವಾರದ ಕರೆಯಲ್ಲಿ ‘ಚೆನ್ನಾಗಿದ್ದೇನೆ ಅಮ್ಮಾ’ ಎನ್ನುವುದುಂಟು.

ಚಿತ್ರದ ಎರಡನೆಯ ಸತ್ಯ ಇನ್ನೂ ಸೂಕ್ಷ್ಮವಾದುದು. ರೈಲಿ ಕುಸಿಯುವಾಗ ಕಣ್ಣೀರಿಡುವುದಿಲ್ಲ. ತಂದೆಯ ಮೇಲೆ ಸಿಡುಕುತ್ತಾಳೆ, ಗೆಳತಿಯ ಕರೆಯನ್ನು ಅರ್ಧಕ್ಕೇ ಮುಚ್ಚುತ್ತಾಳೆ, ಹಾಕಿಯನ್ನು ತ್ಯಜಿಸುತ್ತಾಳೆ. ಕೊನೆಗೆ ನಿಯಂತ್ರಣ ಫಲಕವೇ ಕಪ್ಪಾಗಿ, ಯಾವ ಭಾವವೂ ಅದನ್ನು ಅಲುಗಿಸಲಾರದೆ ಹೋಗುತ್ತದೆ. ರೈಲಿಗೆ ಯಾವ ವೈದ್ಯರೂ ರೋಗನಿರ್ಣಯ ಮಾಡುವುದಿಲ್ಲ, ನಿಜ. ಆದರೆ ಖಿನ್ನತೆಯನ್ನು ಬಲ್ಲವರು ಆ ಕಪ್ಪನ್ನು ಕೂಡಲೇ ಗುರುತಿಸಿಯಾರು. ಹದಿಹರೆಯದವರಲ್ಲಿ ದುಃಖದ ಬದಲಿಗೆ ಸಿಡುಕುತನವೇ ಖಿನ್ನತೆಯ ಮುಖ್ಯ ಲಕ್ಷಣವಾಗಿರಬಹುದೆಂದು ಮನೋವೈದ್ಯರ ರೋಗನಿರ್ಣಯ ಕೈಪಿಡಿಯೇ ಒಪ್ಪುತ್ತದೆ. ಇಂಥ ಸ್ಥಿತಿ, ಹಿಂದೆ ಪ್ರಿಯವಾಗಿದ್ದುದರಲ್ಲಿ ನಿರಾಸಕ್ತಿ, ನಿದ್ರೆ ಮತ್ತು ಹಸಿವಿನ ಏರುಪೇರು ಎರಡು ವಾರ ಮೀರಿ ಮುಂದುವರಿದರೆ ಅದನ್ನು ‘ಪ್ರಾಯದ ಹಟ’ವೆಂದು ಕರೆದು ಸುಮ್ಮನಾಗುವಂತಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪಣೆಯನ್ನೂ ಹೇಳಲೇಬೇಕು. ಚಿತ್ರವು ಕಷ್ಟವನ್ನೂ ಪರಿಹಾರವನ್ನೂ ಬಹುಪಾಲು ತಲೆಯೊಳಗೇ ಇರಿಸಿದೆ. ರೈಲಿಯ ಮನೆಯಲ್ಲಿ ಕುಡಿತವಿಲ್ಲ, ಹೊಡೆತವಿಲ್ಲ, ಹಸಿವಿಲ್ಲ. ಶಾಲೆಯಲ್ಲಿ ಅವಳ ಬಣ್ಣವನ್ನೋ ಜಾತಿಯನ್ನೋ ಹಿಡಿದು ಹಂಗಿಸುವವರಿಲ್ಲ. ಹದಿಹರೆಯದ ಖಿನ್ನತೆಗೆ ದಾರಿಮಾಡುವ ಸಂಗತಿಗಳಲ್ಲಿ ಬಡತನ, ಕೌಟುಂಬಿಕ ಹಿಂಸೆ, ಸಹಪಾಠಿಗಳ ಕಿರುಕುಳ, ಆಪ್ತರ ಅಗಲಿಕೆ ಮುಂದಿನ ಸಾಲಿನಲ್ಲಿವೆ. ತಂದೆಯೋ ತಾಯಿಯೋ ಖಿನ್ನತೆಯಿಂದ ಬಳಲಿದ್ದರೆ ಮಕ್ಕಳಿಗೂ ಅದು ಬರುವ ಸಂಭವ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಹರೆಯದ ಬಳಿಕ ಹುಡುಗಿಯರಲ್ಲಿ ಈ ಕಾಯಿಲೆ ಹುಡುಗರಿಗಿಂತ ಸುಮಾರು ಇಮ್ಮಡಿ. ಇವುಗಳಲ್ಲಿ ಒಂದೇ ಒಂದು ಕಾರಣವಾಗುವುದು ಅಪರೂಪ. ಒಂದರ ಮೇಲೊಂದು ಪೇರಿಕೊಂಡಾಗ ಮಗು ಬಾಗುತ್ತದೆ. ಚಿತ್ರ ಆರಿಸಿಕೊಂಡಿರುವುದು ಒಂದೇ ಹೊರೆಯನ್ನು, ಹೊತ್ತುಕೊಂಡಿರುವುದು ಪ್ರೀತಿಯಿರುವ ಮನೆಯ ಮಗು. ಆದುದರಿಂದಲೇ ಒಂದು ಅಪ್ಪುಗೆಯಲ್ಲಿ ಕಥೆ ಮುಗಿಯಲು ಸಾಧ್ಯವಾಯಿತು. ನಿಜವಾದ ಖಿನ್ನತೆ ಒಂದು ಸಂಜೆಯ ಅಪ್ಪುಗೆಗೆ ಕರಗದು. ಅದಕ್ಕೆ ಆಪ್ತಸಲಹೆ, ಕೆಲವೊಮ್ಮೆ ಔಷಧ, ತಿಂಗಳುಗಟ್ಟಲೆ ತಾಳ್ಮೆ ಬೇಕು.

2024ರಲ್ಲಿ ಬಂದ ಎರಡನೆಯ ಭಾಗದಲ್ಲಿ ರೈಲಿಗೆ ಹದಿಮೂರು. ಈಗ ಆತಂಕ ಎಂಬವಳು ಕೊಠಡಿಯ ಅಧಿಕಾರ ಹಿಡಿಯುತ್ತಾಳೆ. ನಾಳೆ ಏನೆಲ್ಲ ಕೆಡಬಹುದೆಂಬುದರ ಚಿತ್ರಗಳನ್ನು ರಾತ್ರಿಯಿಡೀ ಬರೆಸುವ ಆಕೆಯ ಕಾರ್ಖಾನೆಯಂಥ ಏರ್ಪಾಡು ಬಹು ಚೆನ್ನಾದ ಕಲ್ಪನೆ. ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ನೋವನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವವು ಖಿನ್ನತೆಯನ್ನು ಬೆಳೆಸುತ್ತದೆಂದು ತೋರಿಸಿದ್ದರು. ಆತಂಕದ ಕಾರ್ಖಾನೆ ಅದರ ಸೋದರಸಂಬಂಧಿ. ಅನೇಕ ಮಕ್ಕಳಲ್ಲಿ ಆತಂಕ ಮೊದಲು ಬಂದು ಖಿನ್ನತೆ ಅದರ ಹಿಂದೆ ಬರುತ್ತದೆ. ‘ನಾನು ಸಾಲದವಳು’ ಎಂಬ ನಂಬಿಕೆ ರೈಲಿಯೊಳಗೆ ಬೇರುಬಿಡುವ ಭಾಗವನ್ನು, ಅಂಕಪಟ್ಟಿಗಳನ್ನು ನೆರೆಮನೆಯವರೊಡನೆ ಹೋಲಿಸುವ ಮನೆಗಳವರು ನೋಡಬೇಕು. ಕಥೆಯಾಗಿ ಮಾತ್ರ ಇದು ಮೊದಲಿನದಷ್ಟು ಗಟ್ಟಿಯಿಲ್ಲ. ಪಾತ್ರಗಳ ಸಂತೆಯೇ ಹೆಚ್ಚಾಯಿತು.

ಮೊದಲ ಭಾಗದಲ್ಲಿ ಬಿಂಗ್ ಬಾಂಗ್ ಎಂಬ, ರೈಲಿಯ ಬಾಲ್ಯದ ಕಾಲ್ಪನಿಕ ಗೆಳೆಯನಿದ್ದಾನೆ. ಅವನ ಆಟದ ಬಂಡಿ ಕಂದಕಕ್ಕೆ ಬಿದ್ದು ಹೋದಾಗ ಸಂತೋಷಳು ಕಚಗುಳಿಯಿಟ್ಟು, ಕೋಡಂಗಿ ಮುಖ ಮಾಡಿ ಅವನನ್ನು ಎಬ್ಬಿಸಲು ನೋಡುತ್ತಾಳೆ. ಅವನು ಏಳುವುದಿಲ್ಲ. ದುಃಖಳು ಮಾತ್ರ ಪಕ್ಕದಲ್ಲಿ ಕುಳಿತು, ನಿನಗೆ ಪ್ರಿಯವಾದುದು ಹೋಯಿತಲ್ಲವೇ ಎಂದು ಕೇಳುತ್ತಾಳೆ. ಅವನು ಅತ್ತು, ಆಮೇಲೆ ತಾನೇ ಎದ್ದು ನಿಲ್ಲುತ್ತಾನೆ. ಮಕ್ಕಳೊಡನೆ ಈ ಚಿತ್ರ ನೋಡುವವರು ಇಲ್ಲಿ ಒಂದು ಗಳಿಗೆ ನಿಲ್ಲಿಸಿ, ಮಗು ಏನಾದರೂ ಹೇಳುವುದೋ ಎಂದು ಕಾಯಬಹುದು. ಕೇಳಿದ ಮಾತು ತಮ್ಮ ಕೈಮೀರಿದ್ದೆನಿಸಿದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಶುಲ್ಕವಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.